ಹಿತ್ತಲ ಮಡಿಯಲ್ಲಿ ಟೊಮೇಟೊ: ಗಿಡಗಳ ಅಂತರವೂ ಕುಡಿ ಚಿವುಟುವ ಕ್ರಮವೂ

ಟೊಮೇಟೊ ಹಣ್ಣು ಇಂದು ಸುರಪುರ, ಶಹಾಪುರ ಸೀಮೆಯ ಅಡಿಗೆಮನೆಗಳಲ್ಲಿ ನಿತ್ಯದ ಪದಾರ್ಥವಾಗಿದೆ. ಜನರ ಬಾಯಲ್ಲಿ ಇದಕ್ಕೆ ಟಮಾಟೆಯೆಂದು ಹೆಸರು. ಬೇಳೆಯ ಸಾರಿಗೂ ಪಲ್ಯಕ್ಕೂ ಚಟ್ನಿಗೂ ಹುಣಿಸೆಯ ಸಂಗಡವಾಗಲಿ, ಹುಣಿಸೆಯ ಸ್ಥಾನದಲ್ಲಾಗಲಿ ಇದು ಸೇರುತ್ತಲಿದೆ. ದಕ್ಷಿಣ ಅಮೇರಿಕದ ಆಂಡೀಸ್ ಪರ್ವತಪ್ರಾಂತದಲ್ಲಿ ಹುಟ್ಟಿ, ಮೆಕ್ಸಿಕೋ ದೇಶದಲ್ಲಿ ಬೇಸಾಯಕ್ಕೆ ಒಳಪಟ್ಟು, 16ನೆಯ ಶತಮಾನದಲ್ಲಿ ಸ್ಪೇನ್ ದೇಶದವರ ಮೂಲಕ ಯೂರೋಪನ್ನು ಸೇರಿ, ಅನಂತರ ಯೂರೋಪಿನವರೊಡನೆ ಭರತಖಂಡಕ್ಕೆ ಬಂದ ಗಿಡವಿದು. ಬದನೆ, ಮೆಣಸಿನಕಾಯಿ, ಆಲೂಗಡ್ಡೆ, ತಂಬಾಕು ಇವೆಲ್ಲವೂ ಇದೇ ಕುಟುಂಬಕ್ಕೆ ಸೇರಿದುವು. ದಾಯಾದಿಗಳಂತೆ ಇವುಗಳಿಗೆ ರೋಗಗಳೂ ಬಹುಮಟ್ಟಿಗೆ ಸಮಾನ.

ಈ ಹಣ್ಣಿನ ಬೆಲೆಯು ಒಂದೇ ಮಟ್ಟದಲ್ಲಿ ನಿಲ್ಲುವುದಿಲ್ಲ. ಸುಗ್ಗಿಯಲ್ಲಿ ಕೊಳ್ಳುವವರಿಲ್ಲದೆ ರಸ್ತೆಯ ಬದಿಗೆ ಸುರಿಯಲ್ಪಡುವ ಹಣ್ಣೇ 2023ರ ಜುಲೈ ತಿಂಗಳಿನಲ್ಲಿ ದೇಶದ ಅನೇಕ ಪೇಟೆಗಳಲ್ಲಿ ಕಿಲೋಗ್ರಾಂ ಒಂದಕ್ಕೆ 100 ರೂಪಾಯಿಗಳನ್ನು ಮೀರಿತು. ಕೂಲಿಯಿಂದ ಜೀವಿಸುವ ಕುಟುಂಬಕ್ಕೆ ಅಂತಹ ದಿನಗಳಲ್ಲಿ ಟೊಮೇಟೊ ಎಟುಕುವುದಿಲ್ಲ. ಹಿತ್ತಲಲ್ಲಿ ಒಂದೇ ಒಂದು ಮಡಿಯನ್ನು ಕ್ರಮವಾಗಿ ಬೆಳೆಸಿಕೊಂಡರೆ, ವರ್ಷದಲ್ಲಿ ಎರಡು ಮೂರು ತಿಂಗಳ ಕಾಲ ಮನೆಯ ಖರ್ಚಿಗೆ ಸಾಕಾಗುವಷ್ಟು ಹಣ್ಣು ಕೈಯಳತೆಯಲ್ಲಿಯೇ ದೊರೆಯುತ್ತದೆ.

ಆದರೆ ಹಿತ್ತಲ ಮಡಿಗಳು ಅನೇಕವೇಳೆ ಫಲ ಕೊಡದೆ ಹೋಗುತ್ತವೆ. ಬೀಜವೂ ಗೊಬ್ಬರವೂ ಚೆನ್ನಾಗಿದ್ದರೂ ಗಿಡಗಳನ್ನು ಒತ್ತಾಗಿ ನೆಟ್ಟು, ಬಳಿಕ ಅವುಗಳನ್ನು ತಮ್ಮ ಪಾಡಿಗೆ ಬಿಟ್ಟುಬಿಡುವುದೇ ಇದಕ್ಕೆ ಮುಖ್ಯ ಕಾರಣ. ಮಡಿಯು ಹಸುರಾಗಿ ತುಂಬಿ ಕಣ್ಣಿಗೆ ಹಬ್ಬವಾಗುತ್ತದೆ. ಹಣ್ಣು ಮಾತ್ರ ಕಾಣುವುದಿಲ್ಲ. ಗಿಡಗಳ ಅಂತರವನ್ನೂ ಕುಡಿ ಚಿವುಟುವ ಕ್ರಮವನ್ನೂ ಬೇರೆ ಬೇರೆಯಾಗಿ ಎಣಿಸದೆ ಒಂದೇ ಲೆಕ್ಕದ ಎರಡು ಭಾಗಗಳೆಂದು ತಿಳಿದರೆ ಈ ನಷ್ಟವು ತಪ್ಪುತ್ತದೆ. ಆ ಲೆಕ್ಕವನ್ನು ಬೋನಾಳದಂತಹ ಗ್ರಾಮದ ಹವೆಗೂ ನೆಲಕ್ಕೂ ಹೊಂದುವಂತೆ ಇಲ್ಲಿ ವಿವರಿಸಲಾಗಿದೆ.

1. ಸ್ಥಳ, ಹವೆ ಮತ್ತು ಕಾಲ

ಯಾದಗಿರಿ ಜಿಲ್ಲೆಯ ಸುರಪುರ ತಾಲ್ಲೂಕಿಗೆ ಸೇರಿದ ಬೋನಾಳವು ತನ್ನ ಕೆರೆಯಿಂದ ಪ್ರಸಿದ್ಧವಾದ ಊರು. ಸುರಪುರದ ನಾಯಕ ಅರಸರ ಕಾಲದ ಈ ಕೆರೆಯು, 1841ರಿಂದ 1853ರವರೆಗೆ ಸುರಪುರದ ಆಡಳಿತವನ್ನು ನೋಡಿಕೊಂಡ ಫಿಲಿಪ್ ಮೆಡೋಸ್ ಟೇಲರರ ಕಾಲದಲ್ಲಿ ಜೀರ್ಣೋದ್ಧಾರ ಹೊಂದಿತು. ಇಂದು ಇದು ಪಕ್ಷಿಧಾಮ. ಊರ ಮಗ್ಗುಲಲ್ಲಿ ಇಷ್ಟು ನೀರಿದ್ದರೂ ಹಿತ್ತಲಿಗೆ ನೀರು ತಾನಾಗಿ ಹರಿದು ಬರುವುದಿಲ್ಲ. ಅದನ್ನು ಕೊಡದಲ್ಲಿ ಹೊತ್ತು ತರಬೇಕು, ಇಲ್ಲವೆ ನಳದಿಂದ ಹಿಡಿದಿಡಬೇಕು. ಆದುದರಿಂದ ಹಿತ್ತಲ ಬೇಸಾಯದಲ್ಲಿ ನೀರನ್ನು ಲೆಕ್ಕವಿಟ್ಟು ಖರ್ಚು ಮಾಡತಕ್ಕದ್ದು.

ಈ ಸೀಮೆಯ ಬೇಸಗೆಯು ಬಹು ತೀಕ್ಷ್ಣವಾದುದು. ಏಪ್ರಿಲ್, ಮೇ ತಿಂಗಳುಗಳಲ್ಲಿ ಹಗಲಿನ ಶಾಖವು 40 ಡಿಗ್ರಿ ಸೆಂಟಿಗ್ರೇಡನ್ನು ಮೀರುವುದುಂಟು. ಟೊಮೇಟೊ ಗಿಡವು ಬಿಸಿಲನ್ನು ಬಯಸಿದರೂ ಅತಿಶಾಖವನ್ನು ಸಹಿಸದು. ರಾತ್ರಿಯ ಶಾಖವು 15ರಿಂದ 20 ಡಿಗ್ರಿಯೊಳಗಿದ್ದರೆ ಹೂವು ಚೆನ್ನಾಗಿ ಕಾಯಿಕಟ್ಟುತ್ತದೆ. ಹಗಲು 35 ಡಿಗ್ರಿಯನ್ನು ದಾಟಿ ರಾತ್ರಿಯೂ ಸೆಕೆಯಾಗಿದ್ದರೆ ಪರಾಗವು ಕೆಟ್ಟು ಹೂವು ಉದುರುತ್ತದೆ. ಶಾಖವು 30 ಡಿಗ್ರಿಗಿಂತ ಮೇಲಿರುವಾಗ ಹಣ್ಣಿನ ಕೆಂಪು ಬಣ್ಣವೂ ಸರಿಯಾಗಿ ಹುಟ್ಟದೆ ಹಳದಿಗೆಂಪಾಗಿ ನಿಲ್ಲುತ್ತದೆ.

ಇದರಿಂದ, ಹೊಸದಾಗಿ ಮಡಿ ಹಾಕುವವರು ಹಿಂಗಾರಿನಲ್ಲಿ ಪ್ರಾರಂಭಿಸುವುದು ಲೇಸೆಂದು ತಿಳಿದುಬರುತ್ತದೆ. ಉತ್ತರೆ ಮಳೆಯಲ್ಲಿ, ಎಂದರೆ ಸೆಪ್ಟೆಂಬರ್ ತಿಂಗಳಿನ ಉತ್ತರಾರ್ಧದಲ್ಲಿ ಬೀಜ ಹಾಕಿ, ಚಿತ್ತೆ ಮಳೆಯಲ್ಲಿ, ಎಂದರೆ ಅಕ್ಟೋಬರ್ ಮಧ್ಯದಲ್ಲಿ ಸಸಿ ನೆಟ್ಟರೆ, ಹೊಸ ವರ್ಷದ ಸುಮಾರಿಗೆ ಹಣ್ಣು ಪ್ರಾರಂಭವಾಗಿ ಬೇಸಗೆಯು ಬಲಿಯುವ ಮೊದಲೇ ಬೆಳೆ ಮುಗಿಯುತ್ತದೆ.

ಮಡಿಗೆ ದಿನಕ್ಕೆ ಆರು ತಾಸುಗಳಿಗೆ ಕಡಿಮೆಯಿಲ್ಲದೆ ಬಿಸಿಲು ಬೀಳಬೇಕು. ಬೇವಿನ ಮರದ ನೆರಳಿನಲ್ಲಿಯೂ ಎತ್ತರವಾದ ಗೋಡೆಯ ಬುಡದಲ್ಲಿಯೂ ಮಡಿ ಮಾಡಕೂಡದು. ಹಿಂದಿನ ಎರಡು ಮೂರು ವರ್ಷಗಳಲ್ಲಿ ಬದನೆ, ಮೆಣಸಿನಕಾಯಿ ಅಥವಾ ಟೊಮೇಟೊ ಬೆಳೆದ ಜಾಗವನ್ನೂ ಬಿಡಬೇಕು. ಪುಂಡಿ, ಮೆಂತ್ಯ, ಅವರೆ ಮುಂತಾದುವು ಬೆಳೆದ ಜಾಗವು ಉತ್ತಮ.

2. ಗಿಡದ ಎರಡು ಬಗೆ

ಅಂತರವನ್ನು ಗೊತ್ತುಮಾಡುವ ಮೊದಲು ಗಿಡವು ಯಾವ ಬಗೆಯದೆಂದು ತಿಳಿಯಬೇಕು. ಟೊಮೇಟೊದಲ್ಲಿ ಮುಖ್ಯವಾಗಿ ಎರಡು ಬಗೆಗಳುಂಟು.

ಮೊದಲನೆಯದು ಬಳ್ಳಿಯಂತೆ ಬೆಳೆಯುತ್ತಲೇ ಹೋಗುವ ಬಗೆ. ಇದರ ತುದಿಗೆ ನಿಲುಗಡೆಯಿಲ್ಲ. ನೀರು ಗೊಬ್ಬರ ದೊರೆಯುವವರೆಗೂ ಹೊಸ ಎಲೆ, ಹೊಸ ಹೂಗೊಂಚಲುಗಳನ್ನು ಬಿಡುತ್ತ ಆಳೆತ್ತರವನ್ನು ಮೀರುತ್ತದೆ. ದೆಹಲಿಯ ಕೃಷಿ ಸಂಶೋಧನಾ ಸಂಸ್ಥೆಯಿಂದ ಬಂದ ಪೂಸಾ ರೂಬಿ ಈ ಬಗೆಗೆ ಸೇರಿದುದು.

ಎರಡನೆಯದು ಪೊದೆಯಂತೆ ಬೆಳೆದು ತಾನಾಗಿ ನಿಲ್ಲುವ ಬಗೆ. 1914ರಲ್ಲಿ ಅಮೇರಿಕದ ಫ್ಲಾರಿಡಾ ಪ್ರಾಂತದಲ್ಲಿ ಇಂತಹ ಗುಣವುಳ್ಳ ಗಿಡವು ಮೊದಲು ಕಂಡುಬಂದಿತು. ಅದರ ಪ್ರತಿಯೊಂದು ಕೊಂಬೆಯೂ ಕೆಲವು ಗೊಂಚಲುಗಳಾದ ಮೇಲೆ ಹೂವಿನಲ್ಲಿಯೇ ಮುಗಿಯುತ್ತಿದ್ದಿತು. ಎಂದರೆ ಗಿಡವು ತನ್ನನ್ನು ತಾನೇ ಚಿವುಟಿಕೊಂಡಂತಾಗುತ್ತಿದ್ದಿತು. ಇಂದು ಹೊಲಗಳಲ್ಲಿ ಬೆಳೆಯುವ ಅನೇಕ ತಳಿಗಳಲ್ಲಿ ಈ ಗುಣವುಂಟು. ಪೂಸಾ ಅರ್ಲಿ ಡ್ವಾರ್ಫ್ ಇದಕ್ಕೆ ಉದಾಹರಣೆ. ಬೆಂಗಳೂರಿನ ಬಳಿಯ ಹೆಸರಘಟ್ಟದಲ್ಲಿರುವ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯು ಹೊರತಂದ ಅರ್ಕಾ ವಿಕಾಸ್, ಅರ್ಕಾ ರಕ್ಷಕ್ ತಳಿಗಳು ಇವೆರಡರ ನಡುವಿನವು. ಅಂತರದ ಮಟ್ಟಿಗೆ ಅವನ್ನು ಪೊದೆಯ ಬಗೆಯಂತೆಯೇ ನೋಡಿಕೊಳ್ಳಬಹುದು.

ಬೀಜದ ಚೀಟಿಯಲ್ಲಿ ಬಗೆಯು ನಮೂದಾಗಿಲ್ಲದಿದ್ದರೆ ಗಿಡವನ್ನೇ ನೋಡಿ ಗುರುತಿಸಬಹುದು. ಒಂದು ಹೂಗೊಂಚಲಿಗೂ ಅದರ ಮೇಲಿನದಕ್ಕೂ ನಡುವೆ ಕ್ರಮವಾಗಿ ಮೂರು ಎಲೆಗಳಿದ್ದರೆ ಅದು ಬಳ್ಳಿಯ ಬಗೆ. ಒಂದೆರಡೇ ಎಲೆಗಳಿದ್ದು, ಕೊನೆಗೆ ಕೊಂಬೆಯ ತುದಿಯೇ ಹೂಗೊಂಚಲಾಗಿ ಮುಗಿದರೆ ಅದು ಪೊದೆಯ ಬಗೆ.

3. ಅಂತರವು ಏಕೆ ಬೇಕು

ಗಿಡದ ಪ್ರತಿಯೊಂದು ಎಲೆಯೂ ಒಂದು ಅಡಿಗೆಮನೆ. ಬಿಸಿಲಿನ ಬಲದಿಂದ ಅದು ಸಕ್ಕರೆಯನ್ನು ತಯಾರಿಸಿ ಸಮೀಪದ ಕಾಯಿಗೊಂಚಲಿಗೆ ಕಳುಹಿಸುತ್ತದೆ. ಒತ್ತಾಗಿ ನೆಟ್ಟ ಮಡಿಯಲ್ಲಿ ಮೇಲಿನ ಎಲೆಗಳಿಗೆ ಮಾತ್ರ ಬಿಸಿಲು ದೊರೆತು ಕೆಳಗಿನ ಎಲೆಗಳು ನೆರಳಿನಲ್ಲಿ ಉಳಿಯುತ್ತವೆ. ನೆರಳಿನ ಎಲೆಯು ಗಳಿಸುವುದಕ್ಕಿಂತ ಹೆಚ್ಚಾಗಿ ತಿನ್ನುತ್ತದೆ. ಗಿಡಗಳು ಬಿಸಿಲಿಗಾಗಿ ಒಂದರೊಡನೊಂದು ಸ್ಪರ್ಧಿಸಿ ಸಣಕಲಾಗಿ ಉದ್ದಕ್ಕೆ ಏರುತ್ತವೆ, ಹೂವು ತಡವಾಗುತ್ತದೆ.

ಬೇರಿನ ವಿಷಯವೂ ಹೀಗೆಯೇ. ಕಿತ್ತು ನೆಟ್ಟ ಟೊಮೇಟೊ ಗಿಡದ ಬೇರುಗಳ ಬಹುಭಾಗವು ನೆಲದ ಮೇಲಿನ ಒಂದು ಒಂದೂವರೆ ಅಡಿಯ ಮಣ್ಣಿನಲ್ಲಿಯೇ ಸುತ್ತಲೂ ಹರಡಿಕೊಳ್ಳುತ್ತದೆ. ಆ ಮಣ್ಣು ಹಿಡಿಯುವ ನೀರು ಇಷ್ಟೇ ಎಂಬ ಮಿತಿಯುಂಟು. ಗಿಡಗಳ ಸಂಖ್ಯೆಯನ್ನು ಹೆಚ್ಚಿಸಿದ ಮಾತ್ರಕ್ಕೆ ನೀರು ಹೆಚ್ಚುವುದಿಲ್ಲ. ಅದೇ ನೀರು ಹೆಚ್ಚು ಬಾಯಿಗಳಿಗೆ ಹಂಚಿಹೋಗುತ್ತದೆ. ಹಾಸಿಗೆ ಇದ್ದಷ್ಟು ಕಾಲು ಚಾಚಬೇಕೆಂಬ ಗಾದೆಯು ಮಡಿಗೂ ಸಲ್ಲುತ್ತದೆ.

ಮೂರನೆಯ ಕಾರಣವು ರೋಗ. ಒತ್ತಾದ ಮಡಿಯಲ್ಲಿ ಇಬ್ಬನಿಯೂ ಮಳೆಯ ಹನಿಯೂ ಬೇಗನೆ ಆರುವುದಿಲ್ಲ. ಅಂಗಮಾರಿ ರೋಗದ ಬೂಷ್ಟಿನ ಬೀಜಗಳು ಮೊಳೆಯಲು ಎಲೆಯ ಮೇಲೆ ಕೆಲವು ತಾಸು ತೇವ ನಿಂತರೆ ಸಾಕು. ಗಾಳಿಯಾಡುವ ಮಡಿಯಲ್ಲಿ ಬೆಳಗಿನ ಬಿಸಿಲೇ ಆ ತೇವವನ್ನು ಒರೆಸಿಬಿಡುತ್ತದೆ.

4. ಮಡಿಯ ಅಳತೆಯೂ ಗಿಡಗಳ ಸಂಖ್ಯೆಯೂ

ಸಣ್ಣ ಹಿತ್ತಲಿಗೆ 8 ಮೊಳ ಉದ್ದ, ಎರಡೂವರೆ ಮೊಳ ಅಗಲದ ಮಡಿಯು ಅನುಕೂಲವಾದುದು. ಮೊಳಕ್ಕೆ 18 ಅಂಗುಲ, ಗೇಣಿಗೆ 9 ಅಂಗುಲವೆಂದು ಹಿಡಿದರೆ ಇದು 12 ಅಡಿ ಉದ್ದ, ಮುಕ್ಕಾಲು ಅಂಗುಲವೂ ಕಡಿಮೆಯಾಗದ 3 ಅಡಿ 9 ಅಂಗುಲ ಅಗಲವಾಗಿ, ಒಟ್ಟು 45 ಚದರಡಿಯಾಗುತ್ತದೆ. ಮಡಿಯ ಒಳಗೆ ಕಾಲಿಡದೆಯೇ ಎರಡು ಕಡೆಗಳಿಂದಲೂ ನಡುವಿನವರೆಗೆ ಕೈ ಎಟುಕುವುದು ಈ ಅಗಲದ ಗುಣ. ಮಡಿಯ ಉದ್ದವು ಉತ್ತರ ದಕ್ಷಿಣವಾಗಿದ್ದರೆ ಬೆಳಗ್ಗೆ ಒಂದು ಸಾಲಿಗೂ ಸಂಜೆ ಇನ್ನೊಂದು ಸಾಲಿಗೂ ಬಿಸಿಲು ಸಮನಾಗಿ ಬೀಳುತ್ತದೆ. ಎರೆ ಭೂಮಿಯಲ್ಲಿ ನೀರು ನಿಂತು ಬೇರು ಕೊಳೆಯುವುದರಿಂದ ಮಡಿಯನ್ನು ಅರ್ಧ ಗೇಣಿನಷ್ಟು ಎತ್ತರಿಸತಕ್ಕದ್ದು. ಮಸಬು ಭೂಮಿಯಲ್ಲಿ ಸಮತಟ್ಟಾಗಿದ್ದರೂ ಬಾಧಕವಿಲ್ಲ.

ಮಡಿಯನ್ನು ಒಂದು ಅಡಿ ಆಳಕ್ಕೆ ಅಗೆದು, ಚೆನ್ನಾಗಿ ಕಳಿತ ತಿಪ್ಪೆ ಗೊಬ್ಬರವನ್ನು 15ರಿಂದ 20 ಕಿಲೋಗ್ರಾಂ, ಬೇವಿನ ಹಿಂಡಿಯನ್ನು ಸುಮಾರು ಒಂದು ಕಿಲೋಗ್ರಾಂ ಬೆರಸಬೇಕು. ಹಸಿ ಸೆಗಣಿಯನ್ನು ಹಾಕಕೂಡದು. ಯೂರಿಯಾದಂತಹ ಸಾರಜನಕದ ಗೊಬ್ಬರವನ್ನು ಅತಿಯಾಗಿ ಕೊಟ್ಟರೆ ಎಲೆಯೇ ಹೆಚ್ಚಿ ಕಾಯಿ ಕಡಿಮೆಯಾಗುತ್ತದೆ.

ಬಳ್ಳಿಯ ಬಗೆಗೆ: ಮಡಿಯ ಎರಡು ಅಂಚುಗಳಿಂದ ಒಂದೊಂದು ಗೇಣು ಒಳಗೆ ಎರಡು ಸಾಲುಗಳನ್ನು ಗುರುತಿಸಬೇಕು. ಆಗ ಸಾಲಿನಿಂದ ಸಾಲಿಗೆ ಒಂದೂವರೆ ಮೊಳ ಉಳಿಯುತ್ತದೆ. ಮೊದಲನೆಯ ಸಾಲಿನಲ್ಲಿ ತುದಿಯಿಂದ ಒಂದು ಗೇಣು ಬಿಟ್ಟು, ಮೊಳಕ್ಕೊಂದರಂತೆ 8 ಗಿಡಗಳನ್ನು ನೆಡಬೇಕು. ಎರಡನೆಯ ಸಾಲಿನಲ್ಲಿ ತುದಿಯಿಂದ ಒಂದು ಮೊಳ ಬಿಟ್ಟು ಪ್ರಾರಂಭಿಸಿ, ಎದುರು ಸಾಲಿನ ಎರಡು ಗಿಡಗಳ ನಡುವಿನ ತೆರವಿಗೆ ಸರಿಯಾಗಿ 7 ಗಿಡಗಳನ್ನು ನೆಡಬೇಕು. ಒಟ್ಟು 15 ಗಿಡಗಳಾಗಿ, ಒಂದೊಂದಕ್ಕೆ 3 ಚದರಡಿ ನೆಲವು ಸಲ್ಲುತ್ತದೆ. ಈ ಅಂತರವು, ಮುಂದೆ ಹೇಳುವಂತೆ ಗಿಡಕ್ಕೆ ಎರಡೇ ಕಾಂಡಗಳನ್ನು ಬಿಟ್ಟು ಉಳಿದ ಕುಡಿಗಳನ್ನು ಚಿವುಟುವವರಿಗೆ ಮಾತ್ರ ಹೊಂದುತ್ತದೆ.

ಪೊದೆಯ ಬಗೆಗೆ: ಸಾಲುಗಳು ಅವೇ. ಗಿಡದಿಂದ ಗಿಡಕ್ಕೆ 2 ಅಡಿ ಬಿಡಬೇಕು. ಮೊದಲ ಸಾಲಿನಲ್ಲಿ ತುದಿಯಿಂದ 1 ಅಡಿ ಬಿಟ್ಟು 6 ಗಿಡಗಳು, ಎರಡನೆಯದರಲ್ಲಿ 2 ಅಡಿ ಬಿಟ್ಟು 5 ಗಿಡಗಳು, ಒಟ್ಟು 11. ಗಿಡಕ್ಕೆ ನಾಲ್ಕು ಚದರಡಿಗೆ ಸ್ವಲ್ಪ ಮೇಲಾಗುತ್ತದೆ. ಇವನ್ನು ಚಿವುಟುವುದಿಲ್ಲವಾದುದರಿಂದ ಹರಡಿಕೊಳ್ಳಲು ಈ ಹೆಚ್ಚಿನ ಜಾಗವು ಬೇಕು.

ಮನೆಯ ಕೆಲಸದ ನಡುವೆ ವಾರಕ್ಕೊಮ್ಮೆ ಕುಡಿ ನೋಡಲು ಬಿಡುವಿಲ್ಲದವರು ಬಳ್ಳಿಯ ಬಗೆಯನ್ನು ಒತ್ತಾಗಿ ನೆಡುವುದಕ್ಕಿಂತ ಪೊದೆಯ ಬಗೆಯನ್ನು ಅಗಲವಾಗಿ ನೆಡುವುದೇ ಮೇಲು. ಅಂತರದಲ್ಲಿ ಉಳಿಸಿದುದನ್ನು ಚಿವುಟುವ ಶ್ರಮದಲ್ಲಿ ತೆರಬೇಕು. ಶ್ರಮದಲ್ಲಿ ಉಳಿಸಿದುದನ್ನು ಅಂತರದಲ್ಲಿ ತೆರಬೇಕು. ಎರಡನ್ನೂ ಉಳಿಸಹೋದವರಿಗೆ ಹಣ್ಣು ಉಳಿಯುವುದಿಲ್ಲ.

5. ಸಸಿಯೂ ನಾಟಿಯೂ

ಟೊಮೇಟೊ ಬೀಜವು ಅತಿ ಸಣ್ಣದು. ಒಂದು ಗ್ರಾಂ ತೂಕದಲ್ಲಿ ಸುಮಾರು 300 ಬೀಜಗಳಿರುತ್ತವೆ. ಮೇಲಿನ ಮಡಿಗೆ 30 ಬೀಜ ಹಾಕಿದರೆ ಧಾರಾಳವಾಯಿತು. ಹೊಲಕ್ಕೆಂದು ತಂದ ಚೀಟಿಯನ್ನೆಲ್ಲ ಹಾಕಿ, ಹುಟ್ಟಿದ ಸಸಿಗಳನ್ನು ಬಿಸಾಡಲು ಮನಸ್ಸಾಗದೆ ಎಲ್ಲವನ್ನೂ ಒಂದೇ ಮಡಿಗೆ ತುರುಕುವುದರಿಂದಲೇ ಒತ್ತಡವು ಪ್ರಾರಂಭವಾಗುತ್ತದೆ. ಹೆಚ್ಚಾದ ಸಸಿಗಳನ್ನು ನೆರೆಹೊರೆಯವರಿಗೆ ಕೊಡುವುದು ಉತ್ತಮ. ಕೆಲವನ್ನು ಮಾತ್ರ, ಸತ್ತ ಗಿಡದ ಜಾಗವನ್ನು ತುಂಬುವುದಕ್ಕಾಗಿ, ಹತ್ತು ಹದಿನೈದು ದಿನಗಳವರೆಗೆ ಇರಿಸಿಕೊಳ್ಳಬಹುದು.

ಸಸಿಗಳನ್ನು ಹುಟ್ಟಿದ ದಿನದಿಂದ ತೆಳುವಾದ ಬಟ್ಟೆಯ ಕೆಳಗೆ ಬೆಳೆಸತಕ್ಕದ್ದು. ಬಿಳಿ ನೊಣವು ತರುವ ಎಲೆ ಮುರುಟು ರೋಗವು ಎಳೆಯ ಸಸಿಗೆ ತಗಲಿದರೆ ಆ ಗಿಡವು ಫಲಕ್ಕೆ ಬರುವುದಿಲ್ಲ. 25ರಿಂದ 30 ದಿನಗಳ, ನಾಲ್ಕೈದು ಎಲೆಗಳುಳ್ಳ ಗಿಡ್ಡನೆಯ ದಪ್ಪ ಕಾಂಡದ ಸಸಿಯು ನಾಟಿಗೆ ಯೋಗ್ಯ. ಸಂಜೆಯ ಹೊತ್ತಿನಲ್ಲಿ ನೆಟ್ಟು ಕೂಡಲೆ ನೀರು ಕೊಡಬೇಕು. ಸಸಿಯು ಉದ್ದವಾಗಿ ಸಣಕಲಾಗಿದ್ದರೆ ಕೆಳಗಿನ ಎಲೆಗಳನ್ನು ತೆಗೆದು ಕಾಂಡವನ್ನು ಸ್ವಲ್ಪ ಆಳವಾಗಿ ಹೂಳಬಹುದು. ಹೂಳಿದ ಭಾಗದಿಂದಲೂ ಬೇರು ಒಡೆಯುವುದು ಟೊಮೇಟೊ ಗಿಡದ ವಿಶೇಷ.

6. ಆಸರೆ

ಬಳ್ಳಿಯ ಬಗೆಗೆ ಆಸರೆಯು ಅವಶ್ಯಕ. ಪೊದೆಯ ಬಗೆಗೂ ಗಿಡ್ಡನೆಯ ಆಸರೆಯಿದ್ದರೆ ಕಾಯಿ ನೆಲಕ್ಕೆ ತಗಲಿ ಕೊಳೆಯುವುದಿಲ್ಲ. ಕೋಲಾರದ ಸೀಮೆಯ ಟೊಮೇಟೊ ಬೆಳೆಗಾರರು ಕೋಲು ನೆಟ್ಟು ದಾರ ಕಟ್ಟಿ ಬೆಳೆಸುವುದು ವಾಡಿಕೆ. ಹಿತ್ತಲಿಗೆ ಹಣ ಕೊಟ್ಟು ಕೋಲು ತರಬೇಕಾಗಿಲ್ಲ. ಬಳ್ಳಾರಿ ಜಾಲಿಯ ನೆಟ್ಟನೆಯ ಕೊಂಬೆಗಳನ್ನು ಮುಳ್ಳು ಸವರಿ, ಐದಾರು ಅಡಿ ಉದ್ದಕ್ಕೆ ಕಡಿದರೆ ಒಳ್ಳೆಯ ಕೋಲುಗಳಾಗುತ್ತವೆ. ತೊಗರಿಯ ಕಟ್ಟಿಗೆಯು ಪೊದೆಯ ಬಗೆಗೆ ಸಾಕು. ಬಳ್ಳಿಯ ಭಾರಕ್ಕೆ ಅದು ಮುರಿಯುವುದರಿಂದ ಎರಡು ಮೂರನ್ನು ಸೇರಿಸಿ ಕಟ್ಟಬೇಕು.

ಕೋಲನ್ನು ಸಸಿ ನೆಟ್ಟ ವಾರದೊಳಗೆ, ಬುಡದಿಂದ ನಾಲ್ಕು ಬೆರಳು ದೂರದಲ್ಲಿ ನೆಡಬೇಕು. ತಡಮಾಡಿದರೆ ಬೇರಿಗೆ ಗಾಯವಾಗುತ್ತದೆ. ಕಟ್ಟಲು ಪುಂಡಿಯ ನಾರು ಅಥವಾ ಹಳೆಯ ಬಟ್ಟೆಯ ಪಟ್ಟಿ ಉತ್ತಮ. ನಾರನ್ನು 8ರ ಅಂಕಿಯಂತೆ ತಿರುವಿ, ಕೋಲಿಗೆ ಬಿಗಿಯಾಗಿಯೂ ಕಾಂಡಕ್ಕೆ ಸಡಿಲವಾಗಿಯೂ ಕಟ್ಟಬೇಕು. ಕಾಂಡವು ದಪ್ಪವಾದಾಗ ಕಟ್ಟು ಕೊರೆಯದಂತೆ ಬೆರಳು ಹೋಗುವಷ್ಟು ಸಂದು ಇರಬೇಕು.

7. ಕುಡಿ ಚಿವುಟುವ ಕ್ರಮ

ಎಲೆಯ ತೊಟ್ಟು ಕಾಂಡವನ್ನು ಸೇರುವ ಕಂಕುಳಲ್ಲಿ ಒಂದೊಂದು ಕುಡಿ ಹುಟ್ಟುತ್ತದೆ. ಇದಕ್ಕೆ ಕಂಕುಳ ಕುಡಿಯೆಂದು ಹೇಳಬಹುದು. ಬಿಟ್ಟರೆ ಪ್ರತಿಯೊಂದೂ ಒಂದು ಪೂರ್ಣ ಕಾಂಡವಾಗಿ, ಅದರ ಕಂಕುಳಲ್ಲಿ ಮತ್ತೆ ಕುಡಿಗಳು ಹುಟ್ಟಿ, ಒಂದು ಗಿಡವೇ ಒಂದು ಪೊದರಾಗುತ್ತದೆ. ಹೂಗೊಂಚಲು ಎಲೆಯ ಕಂಕುಳಲ್ಲಿ ಬರುವುದಿಲ್ಲ. ಎರಡು ಎಲೆಗಳ ನಡುವಣ ಕಾಂಡದಿಂದ ಬರುತ್ತದೆ. ಈ ಭೇದವನ್ನು ತಿಳಿದವರು ಹೂವನ್ನು ಕುಡಿಯೆಂದು ಭ್ರಮಿಸಿ ಚಿವುಟುವುದಿಲ್ಲ.

ಬಳ್ಳಿಯ ಬಗೆಯಲ್ಲಿ ಎರಡು ಕಾಂಡಗಳನ್ನು ಇರಿಸಿಕೊಳ್ಳತಕ್ಕದ್ದು. ಮುಖ್ಯ ಕಾಂಡವು ಒಂದು. ಮೊದಲನೆಯ ಹೂಗೊಂಚಲಿನ ಕೆಳಗೇ ಇರುವ ಎಲೆಯ ಕಂಕುಳ ಕುಡಿಯು ಉಳಿದೆಲ್ಲವುಗಳಿಗಿಂತ ಬಲವಾದುದು. ಅದನ್ನು ಎರಡನೆಯ ಕಾಂಡವಾಗಿ ಬೆಳೆಯಗೊಡಬೇಕು. ಅದಕ್ಕಿಂತ ಕೆಳಗಿನ ಕುಡಿಗಳನ್ನೆಲ್ಲ ತೆಗೆಯಬೇಕು. ಮೇಲೆ ಎರಡು ಕಾಂಡಗಳಲ್ಲಿಯೂ ಹುಟ್ಟುವ ಕುಡಿಗಳನ್ನು ವಾರಕ್ಕೊಮ್ಮೆ ನೋಡಿ, ಎರಡು ಮೂರು ಅಂಗುಲವಾಗಿರುವಾಗಲೇ ಚಿವುಟಬೇಕು. ಹೀಗೆ ಮಾಡಿದರೆ 15 ಗಿಡಗಳ ಮಡಿಯಲ್ಲಿ 30 ಕಾಂಡಗಳಾಗಿ, ಕಾಂಡಕ್ಕೆ ಒಂದೂವರೆ ಚದರಡಿ ದೊರೆಯುತ್ತದೆ.

ಚಿವುಟುವ ಕೆಲಸಕ್ಕೆ ಬೆಳಗಿನ ಇಬ್ಬನಿ ಆರಿದ ಮೇಲಿನ ಹೊತ್ತು ಸೂಕ್ತ. ಗಾಯವು ಸಂಜೆಯೊಳಗೆ ಒಣಗಿ ಮುಚ್ಚಿಕೊಳ್ಳುತ್ತದೆ. ಕುಡಿಯನ್ನು ಬೆರಳುಗಳಿಂದ ಹಿಡಿದು ಪಕ್ಕಕ್ಕೆ ಬಾಗಿಸಿದರೆ ಮುರಿದು ಬರುತ್ತದೆ; ಕೆಳಕ್ಕೆ ಎಳೆದರೆ ಕಾಂಡದ ಸಿಪ್ಪೆ ಸುಲಿಯುತ್ತದೆ. ಗಿಡವು ನೆನೆದಿರುವಾಗ ಮುಟ್ಟಕೂಡದು. ನಂಜು ರೋಗ ತಗಲಿದಂತೆ ಕಾಣುವ ಗಿಡವನ್ನು ಎಲ್ಲಕ್ಕೂ ಕೊನೆಯಲ್ಲಿ ಮುಟ್ಟಬೇಕು.

ಇಲ್ಲಿ ಒಂದು ವಿಷಯವನ್ನು ವಿಶೇಷವಾಗಿ ಗಮನಿಸತಕ್ಕದ್ದು. ತಂಬಾಕು ಟೊಮೇಟೊದ ದಾಯಾದಿ. ತಂಬಾಕಿನ ನಂಜು ಒಣ ಎಲೆಯಲ್ಲಿಯೂ ಬೀಡಿಯಲ್ಲಿಯೂ ಜೀವಂತವಾಗಿದ್ದು, ಮುಟ್ಟಿದ ಕೈಯಿಂದ ಚಿವುಟಿದ ಗಾಯದ ಮೂಲಕ ಗಿಡವನ್ನು ಸೇರಬಲ್ಲುದು. ತಂಬಾಕು ತಿನ್ನುವವರೂ ಬೀಡಿ ಸೇದುವವರೂ ಮಡಿಗೆ ಕೈಯಿಡುವ ಮೊದಲು ಸಾಬೂನಿನಿಂದ ಕೈ ತೊಳೆಯುವುದು ಕಡ್ಡಾಯ.

ಪೊದೆಯ ಬಗೆಯಲ್ಲಿ ಮೊದಲ ಹೂಗೊಂಚಲಿನ ಕೆಳಗೆ, ನೆಲಕ್ಕೆ ತಗಲುವಂತಿರುವ ಒಂದೆರಡು ಕುಡಿಗಳನ್ನು ಮಾತ್ರ ತೆಗೆಯಬಹುದು. ಮೇಲಿನ ಕುಡಿಗಳನ್ನು ಮುಟ್ಟಲೇಕೂಡದು. ಈ ಗಿಡವು ಹಣ್ಣು ಬಿಡುವುದು ಆ ಕೊಂಬೆಗಳಲ್ಲಿಯೇ. ಅವನ್ನು ಚಿವುಟುವುದೆಂದರೆ ಮುಂದಿನ ಬುಟ್ಟಿಯನ್ನೇ ಚಿವುಟಿದಂತೆ.

ಬೆಳೆಯನ್ನು ಮುಗಿಸಬೇಕೆಂದಿರುವ ಕಾಲಕ್ಕೆ ಸುಮಾರು ಒಂದು ತಿಂಗಳು ಮುಂಚಿತವಾಗಿ, ಎಂದರೆ ಈ ಸೀಮೆಯಲ್ಲಿ ಫೆಬ್ರವರಿ ಕೊನೆಯ ಹೊತ್ತಿಗೆ, ಬಳ್ಳಿಯ ಬಗೆಯ ಎರಡು ತುದಿಗಳನ್ನೂ ಚಿವುಟಬೇಕು. ಕೊನೆಯ ಕಾಯಿಗೊಂಚಲಿನ ಮೇಲೆ ಎರಡು ಎಲೆಗಳನ್ನು ಉಳಿಸಬೇಕು. ಬಿಸಿಲಿಗೆ ಉದುರಿಹೋಗಲಿರುವ ಹೂವಿಗೆ ವ್ಯಯವಾಗುವ ಸತ್ವವು ಇದರಿಂದ ಕಟ್ಟಿದ ಕಾಯಿಗೆ ಸಲ್ಲುತ್ತದೆ.

8. ಅತಿಯಾಗಿ ಚಿವುಟುವುದರ ಅಪಾಯ

ತಂಪು ದೇಶಗಳ ತೋಟಗಾರಿಕೆಯ ಪುಸ್ತಕಗಳು ಒಂದೇ ಕಾಂಡವನ್ನು ಬಿಟ್ಟು ಉಳಿದುದೆಲ್ಲವನ್ನೂ ತೆಗೆಯುವಂತೆ ಹೇಳುವುದುಂಟು. ಬಿಸಿಲು ಕಡಿಮೆಯಾದ ಆ ದೇಶಗಳಲ್ಲಿ ಗಾಜಿನ ಮನೆಯೊಳಗೆ ಬೆಳೆಸುವವರಿಗೆ ಅದು ಸರಿ. ಸುರಪುರದ ಬಿಸಿಲಿನಲ್ಲಿ ಅದನ್ನು ಅನುಸರಿಸಿದರೆ ನಷ್ಟವುಂಟು. ಎಲೆಯು ಕಾಯಿಯ ಕೊಡೆ. ಕೊಡೆಯನ್ನು ಕಳೆದುಕೊಂಡ ಹಸುರು ಕಾಯಿಯ ಮೇಲೆ ನೇರವಾದ ಬಿಸಿಲು ಬಿದ್ದರೆ ಆ ಭಾಗವು ಬೆಂದು ಬಿಳುಪಾಗಿ, ಕಾಗದದಂತೆ ಒಣಗಿ, ಬಳಿಕ ಬೂಷ್ಟು ಹಿಡಿಯುತ್ತದೆ. ಅತಿಯಾಗಿ ಚಿವುಟಿದ ಗಿಡಗಳಲ್ಲಿ ಕಾಯಿ ಬಿರಿಯುವುದೂ ಕಾಯಿಯ ತಳ ಕಪ್ಪಾಗುವುದೂ ಹೆಚ್ಚು.

ಆದುದರಿಂದ ಮಡಿಯ ಪಶ್ಚಿಮದ ಸಾಲಿನಲ್ಲಿ, ಮಧ್ಯಾಹ್ನದ ಬಿಸಿಲು ಬೀಳುವ ಮಗ್ಗುಲಿನಲ್ಲಿ, ಕಂಕುಳ ಕುಡಿಗಳನ್ನು ಬುಡಸಹಿತ ತೆಗೆಯದೆ, ಎರಡು ಎಲೆ ಬಿಡುವವರೆಗೆ ಬೆಳೆಯಗೊಟ್ಟು ತುದಿಯನ್ನು ಮಾತ್ರ ಚಿವುಟಬೇಕು. ಆ ಎರಡು ಎಲೆಗಳು ಕಾಯಿಗೊಂಚಲಿಗೆ ನೆರಳಾಗುತ್ತವೆ. ಕಾಂಡವು ಮಾತ್ರ ಹೆಚ್ಚುವುದಿಲ್ಲ. ನೋಡದೆ ಬಿಟ್ಟು ಒಂದು ಗೇಣಿಗಿಂತ ಉದ್ದವಾಗಿ ಬೆಳೆದ ಕುಡಿಗಳಿಗೂ ಇದೇ ಕ್ರಮವು ಲೇಸು.

ಬುಡದ ಎಲೆಗಳನ್ನು ತೆಗೆಯುವುದರಲ್ಲಿಯೂ ಮಿತಿ ಬೇಕು. ನೆಲಕ್ಕೆ ತಗಲುವ ಎಲೆಗಳನ್ನೂ ಹಳದಿಯಾದುವನ್ನೂ ಚುಕ್ಕೆ ಬಿದ್ದುವನ್ನೂ ತೆಗೆಯತಕ್ಕದ್ದು. ಮೊದಲ ಗೊಂಚಲಿನ ಕಾಯಿಗಳು ದಪ್ಪವಾದ ಬಳಿಕ ಅದರ ಕೆಳಗಿನ ಎಲೆಗಳನ್ನು ಕ್ರಮವಾಗಿ ಕಳೆಯಬಹುದು. ಒಂದು ಸಲಕ್ಕೆ ಗಿಡವೊಂದರಿಂದ ಎರಡು ಮೂರು ಎಲೆಗಳಿಗಿಂತ ಹೆಚ್ಚು ತೆಗೆಯಬಾರದು. ಹಣ್ಣು ಬೇಗ ಕೆಂಪಾಗಲೆಂದು ಮೇಲಿನ ಎಲೆಗಳನ್ನು ಬೋಳಿಸುವುದು ತಪ್ಪು. ಹಣ್ಣಾಗುವುದಕ್ಕೆ ಹದವಾದ ಶಾಖವು ಬೇಕೇ ಹೊರತು ಹಣ್ಣಿನ ಮೇಲೆ ನೇರವಾದ ಬಿಸಿಲು ಬೇಕಾಗಿಲ್ಲ.

9. ನೀರು ಮತ್ತು ಹೊದಿಕೆ

ಚಳಿಗಾಲದಲ್ಲಿ ತುಂಬು ಬೆಳೆದ ಗಿಡವೊಂದಕ್ಕೆ ದಿನಕ್ಕೆ ಸರಾಸರಿ ಒಂದೂವರೆಯಿಂದ ಎರಡು ಲೀಟರು ನೀರು ಬೇಕಾಗುತ್ತದೆ. 15 ಗಿಡಗಳಿಗೆ 30 ಲೀಟರು, ಎಂದರೆ 15 ಲೀಟರಿನ ಎರಡು ಕೊಡಗಳು. ಇದನ್ನು ಪ್ರತಿದಿನ ಸ್ವಲ್ಪ ಸ್ವಲ್ಪವಾಗಿ ಚಿಮುಕಿಸುವುದಕ್ಕಿಂತ, ಮಸಬು ಭೂಮಿಯಲ್ಲಿ ಮೂರು ದಿನಕ್ಕೊಮ್ಮೆ, ಎರೆ ಭೂಮಿಯಲ್ಲಿ ನಾಲ್ಕೈದು ದಿನಕ್ಕೊಮ್ಮೆ ಬೇರಿಗೆ ಇಳಿಯುವಂತೆ ಕೊಡುವುದು ಮೇಲು. ನೀರನ್ನು ಬುಡದ ಸುತ್ತ ಮಣ್ಣಿಗೆ ಹಾಕಬೇಕು. ಎಲೆಯ ಮೇಲೆ ಎರಚಕೂಡದು. ಒಂದು ವಾರ ಒಣಗಿಸಿ ಮರುದಿನ ತುಂಬ ಹರಿಯಿಸಿದರೆ ಕಾಯಿ ಬಿರಿಯುತ್ತದೆ, ತಳ ಕಪ್ಪಾಗುತ್ತದೆ.

ಜೋಳದ ಸೊಪ್ಪೆಯನ್ನಾಗಲಿ ಒಣಹುಲ್ಲನ್ನಾಗಲಿ ನಾಲ್ಕು ಬೆರಳು ದಪ್ಪವಾಗಿ ಮಡಿಗೆ ಹೊದಿಸಿದರೆ ನೀರಿನ ಆವಿಯು ತಡೆಯಲ್ಪಟ್ಟು, ಎರೆ ಭೂಮಿ ಬಿರಿಯುವುದು ಕಡಿಮೆಯಾಗುತ್ತದೆ. ಮಳೆಯ ಹನಿಗೆ ಮಣ್ಣು ಸಿಡಿದು ಎಲೆಗೆ ರೋಗ ತಗಲುವುದೂ ತಪ್ಪುತ್ತದೆ.

10. ರೋಗಗಳ ವಿಷಯದಲ್ಲಿ ಎರಡು ಮಾತು

ಈ ಸೀಮೆಯಲ್ಲಿ ಹತ್ತಿಯ ಬೇಸಾಯವು ವಿಶೇಷ. ಬಿಳಿ ನೊಣವು ಹತ್ತಿಯಲ್ಲಿ ಹೇರಳವಾಗಿ ಬೆಳೆದು, ಹತ್ತಿಯು ಬಲಿತಂತೆ ಹಸುರಾದ ತರಕಾರಿ ಮಡಿಗಳಿಗೆ ಹಾರಿ ಬರುತ್ತದೆ. ಎಲೆ ಮುರುಟಿ ಗಿಡವು ಕುಗ್ಗಿದರೆ ಅದನ್ನು ಕೂಡಲೆ ಕಿತ್ತು ಹೂಳಬೇಕು. ಒಂದು ಗಿಡದ ಮೇಲಿನ ಮಮತೆಯಿಂದ ಮಡಿಯೆಲ್ಲವನ್ನೂ ಕಳೆದುಕೊಳ್ಳಬಾರದು. ಅಂತರವಿಟ್ಟು ನೆಟ್ಟ ಮಡಿಯಲ್ಲಿ ಎಲೆಯ ಅಡಿಯಲ್ಲಿ ಕುಳಿತ ನೊಣವು ಬೇಗನೆ ಕಣ್ಣಿಗೆ ಬೀಳುತ್ತದೆ. ಆಗ ಲೀಟರು ನೀರಿಗೆ 50 ಗ್ರಾಂ ಪುಡಿಮಾಡಿದ ಬೇವಿನ ಬೀಜವನ್ನು ರಾತ್ರಿಯೆಲ್ಲ ನೆನೆಯಿಟ್ಟು ಶೋಧಿಸಿದ ಕಷಾಯವನ್ನು ಸಂಜೆ ಎಲೆಯ ಅಡಿಗೆ ಸಿಂಪಡಿಸಬಹುದು.

ಅರ್ಕಾ ರಕ್ಷಕ್ ತಳಿಯು ಎಲೆ ಮುರುಟು, ಅಂಗಮಾರಿ, ದುಂಡಾಣುವಿನ ಸೊರಗು ರೋಗ ಈ ಮೂರನ್ನೂ ತಡೆದುಕೊಳ್ಳುವಂತೆ ಸಿದ್ಧಪಡಿಸಿದ ಸಂಕರ ತಳಿ. ಸಂಕರ ತಳಿಯ ಹಣ್ಣಿನಿಂದ ಬೀಜ ತೆಗೆದು ಮರುವರ್ಷ ಬಿತ್ತಿದರೆ ತಾಯಿಯ ಗುಣವು ಬರುವುದಿಲ್ಲ. ಬೀಜವನ್ನು ಮನೆಯಲ್ಲಿಯೇ ಕಾಯ್ದಿರಿಸುವವರು ಅರ್ಕಾ ವಿಕಾಸ್, ಪೂಸಾ ರೂಬಿಯಂತಹ ತಳಿಗಳನ್ನು ಆರಿಸಿಕೊಳ್ಳತಕ್ಕದ್ದು.

11. ಸಾಮಾನ್ಯವಾದ ಆಕ್ಷೇಪಣೆ

40 ಸಸಿ ನೆಟ್ಟರೆ ಹತ್ತು ಸತ್ತರೂ 30 ಉಳಿಯುವುವಲ್ಲ, ಹದಿನೈದನ್ನೇ ನೆಟ್ಟು ಐದು ಸತ್ತರೆ ಗತಿಯೇನು ಎಂದು ಕೇಳುವವರುಂಟು. ಪ್ರಶ್ನೆಯು ಸಹಜವಾದುದು. ಮಳೆಯನ್ನು ನಂಬಿ ಬದುಕುವ ಸೀಮೆಯಲ್ಲಿ ಒಂದಕ್ಕೆರಡು ಬಿತ್ತುವುದು ರೈತನ ವಿವೇಕವೇ ಸರಿ. ಆದರೆ ಹೊಲದ ವಿವೇಕವನ್ನು ಮಡಿಗೆ ತಂದರೆ ಲೆಕ್ಕ ತಪ್ಪುತ್ತದೆ. 45 ಚದರಡಿಯಲ್ಲಿ 40 ಗಿಡಗಳಿಗೆ ಒಂದೊಂದು ಚದರಡಿಗೆ ಅತ್ಯಲ್ಪ ಮೇಲಾಗಿ ನೆಲ ದೊರೆಯುತ್ತದೆ. ಎರಡು ಕೊಡ ನೀರಿನಲ್ಲಿ ಗಿಡದ ಪಾಲಿಗೆ ಬರುವುದು ಮುಕ್ಕಾಲು ಲೀಟರು. ಅವು ಸಾಯದೆ ಇದ್ದರೂ ಫಲಕ್ಕೆ ಬರುವುದಿಲ್ಲ. ಒಂದಕ್ಕೆ ರೋಗ ತಗಲಿದರೆ ಎಲೆಗೆಲೆ ತಾಕಿ ಎಲ್ಲಕ್ಕೂ ಹರಡುತ್ತದೆ. ಸತ್ತ ಗಿಡಕ್ಕೆ ಬದಲಾಗಿ ನೆಡಲು ಸಸಿಯನ್ನು ಮಡಿಯ ಹೊರಗೆ ಕಾದಿಡಬೇಕು. ಮಡಿಯ ಒಳಗೆ ತುರುಕಬಾರದು.

ಕ್ರಮವಾಗಿ ನೋಡಿಕೊಂಡ ಗಿಡವೊಂದರಿಂದ ಒಂದರಿಂದ ಎರಡು ಕಿಲೋಗ್ರಾಂ ಹಣ್ಣನ್ನು ನಿರೀಕ್ಷಿಸಬಹುದು. ಹದಿನೈದು ಗಿಡಗಳಿಂದ 15ರಿಂದ 30 ಕಿಲೋಗ್ರಾಂ. ಎರಡು ತಿಂಗಳ ಕೊಯ್ಲಿಗೆ ಹಂಚಿದರೆ ಐದಾರು ಜನರ ಮನೆಗೆ ದಿನದ ಸಾರಿಗೆ ಬೇಕಾಗುವಷ್ಟಾಯಿತು. ನೀರು ಹೊತ್ತ ಹೆಂಗಸಿನ ಶ್ರಮಕ್ಕೆ ಇದು ತಕ್ಕ ಪ್ರತಿಫಲ. ಎಲೆಯನ್ನು ಮಾತ್ರ ಬೆಳೆಸಿದ ಮಡಿಯಲ್ಲಿ ಆ ಶ್ರಮವೆಲ್ಲ ಮಣ್ಣುಪಾಲಾಗುತ್ತದೆ.

ಸಾರಾಂಶ

(1) ಬೀಜವನ್ನು ಉತ್ತರೆ ಮಳೆಯಲ್ಲಿ ಹಾಕಿ, ಸಸಿಯನ್ನು ಚಿತ್ತೆ ಮಳೆಯಲ್ಲಿ ನೆಡಬೇಕು.

(2) ಗಿಡವು ಬಳ್ಳಿಯ ಬಗೆಯೋ ಪೊದೆಯ ಬಗೆಯೋ ಎಂಬುದನ್ನು ಮೊದಲು ತಿಳಿಯಬೇಕು.

(3) 8 ಮೊಳ ಉದ್ದ, ಎರಡೂವರೆ ಮೊಳ ಅಗಲದ ಮಡಿಗೆ ಬಳ್ಳಿಯ ಬಗೆಯಾದರೆ ಮೊಳಕ್ಕೊಂದರಂತೆ 15 ಗಿಡ; ಪೊದೆಯ ಬಗೆಯಾದರೆ 2 ಅಡಿಗೊಂದರಂತೆ 11 ಗಿಡ.

(4) ಬಳ್ಳಿಯ ಬಗೆಗೆ ಎರಡು ಕಾಂಡಗಳನ್ನು ಉಳಿಸಿ, ಉಳಿದ ಕುಡಿಗಳನ್ನು ವಾರಕ್ಕೊಮ್ಮೆ ಚಿವುಟಬೇಕು. ಪೊದೆಯ ಬಗೆಯ ಮೇಲಿನ ಕುಡಿಗಳನ್ನು ಮುಟ್ಟಕೂಡದು.

(5) ಪಶ್ಚಿಮದ ಮಗ್ಗುಲಿನ ಕುಡಿಗಳಲ್ಲಿ ಎರಡೆರಡು ಎಲೆಗಳನ್ನು ನೆರಳಿಗಾಗಿ ಉಳಿಸಬೇಕು.

(6) ತಂಬಾಕು ಮುಟ್ಟಿದ ಕೈಯನ್ನು ತೊಳೆಯದೆ ಗಿಡವನ್ನು ಮುಟ್ಟಕೂಡದು.

(7) ನೀರನ್ನು ಬುಡಕ್ಕೆ ಕೊಟ್ಟು, ಮಡಿಗೆ ಸೊಪ್ಪೆಯ ಹೊದಿಕೆ ಹಾಕಬೇಕು.

ಈ ಏಳು ಅಂಶಗಳಿಗೂ ಹಣದ ಖರ್ಚು ಅತ್ಯಲ್ಪ. ಅಳತೆಗೆ ಕೈಯ ಮೊಳವೂ ಚಿವುಟುವುದಕ್ಕೆ ಬೆರಳೂ ಸಾಕು. ಹೆಚ್ಚಿನ ವಿವರಗಳು ಬೇಕಾದವರು ಸಮೀಪದ ರೈತ ಸಂಪರ್ಕ ಕೇಂದ್ರದಲ್ಲಿಯಾಗಲಿ, ಶಹಾಪುರ ತಾಲ್ಲೂಕಿನ ಭೀಮರಾಯನಗುಡಿಯ ಕೃಷಿ ಮಹಾವಿದ್ಯಾಲಯದಲ್ಲಿಯಾಗಲಿ ವಿಚಾರಿಸಿ ತಿಳಿದುಕೊಳ್ಳಬಹುದು.